ಬೋರ್ಡಿನ ಖಾಲಿ ಜಾಗ

ತೊಂಬತ್ತರ ದಶಕದ ಕೊನೆಯಲ್ಲಿ ಕೊಟ್ಟೂರಿನ ಒಂದು ಚಿಕ್ಕ ಚಿತ್ರಕಲಾ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ವಿನ್ಯಾಸದ ಮೂಲಪಾಠ ಹೇಳುತ್ತಿದ್ದವಳು ನಾನು. ಕಾಲೇಜು ಅಂದಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ಬಾಡಿಗೆ ಮಹಡಿಯಲ್ಲಿ ಎರಡು ಕೋಣೆ, ಕೆಳಗೆ ಗೊಬ್ಬರದ ಅಂಗಡಿ. ಯೂರಿಯಾ ವಾಸನೆಯಲ್ಲೇ ಕಲೆ ಬೆಳೆಯುತ್ತಿತ್ತು.

ಮೊದಲ ದಿನ ಪ್ರತಿಯೊಬ್ಬರಿಗೂ ಒಂದು ಬಿಳಿ ಹಾಳೆ, ಕರೀ ಕಾಗದದ ಒಂದು ಚೌಕ ಕೊಡುತ್ತಿದ್ದೆ. ಚೌಕವನ್ನು ಹಾಳೆಯ ಮೇಲೆ ಎಲ್ಲಾದರೂ ಇಡಿ, ಅಷ್ಟೇ ಪಾಠ. ಹಡಗಲಿಯಿಂದ ಬಂದವರಿರಲಿ, ತಂಬ್ರಹಳ್ಳಿಯಿಂದ ಬಂದವರಿರಲಿ, ಎಲ್ಲರೂ ಸ್ಕೇಲು ಹಿಡಿದು ಅಳೆದು ನಟ್ಟನಡುವೆ ಇಡುತ್ತಿದ್ದರು. ಇಟ್ಟ ಮೇಲೆ ಸುತ್ತ ಉಳಿದ ಬಿಳಿಯನ್ನು ನೋಡಿ ಅವರ ಕೈ ಸುಮ್ಮನಿರುತ್ತಿರಲಿಲ್ಲ.

"ಮೇಡಂ, ಮೂಲಿಗೊಂದು ಹೂವು ಬಿಡಿಸ್ಲೇನ್ರಿ?"

"ಸುತ್ತ ಬಾರ್ಡರ್ ಹಾಕ್ಲೇನ್ರಿ?"

"ಬಾರ್ಡರ್ ಬೇಕಂದ್ರ ಸೀರಿ ಅಂಗಡಿಗಿ ಹೋಗ್ರಿ!" ಎಂದು ರೇಗುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಪಾಠದ ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಚ್ಚಿದ ಕರಿ ಹೇಗೆ ನಿಮ್ಮ ಕೆಲಸವೋ, ಬಿಟ್ಟ ಬಿಳಿಯೂ ಹಾಗೇ ನಿಮ್ಮ ಕೆಲಸ. ಅದಕ್ಕೂ ಆಕಾರವಿದೆ, ತೂಕವಿದೆ. ಇಷ್ಟು ತಲೆಗೆ ಹೋಗಲು ಕೆಲವರಿಗೆ ಇಡೀ ವರ್ಷ ಬೇಕಾಗುತ್ತಿತ್ತು. ಕೆಲವರಿಗೆ ಅದೂ ಸಾಲುತ್ತಿರಲಿಲ್ಲ, ಪಾಪ.

ಒಬ್ಬಳಿಗೆ ಮಾತ್ರ ಅದು ಬೇಗ ತಲೆಗೆ ಹೋಯಿತು. ದಿನಾ ಕೂಡ್ಲಿಗಿಯಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿ. ಅಪ್ಪ ಇಲ್ಲದ ಮನೆ. ಅಣ್ಣ ಬೋರ್ಡು ಬರೆಯುವ ಪೇಂಟರ್. ಫ್ಲೆಕ್ಸ್ ಇನ್ನೂ ನಮ್ಮ ಕಡೆ ಕಾಲಿಟ್ಟಿರಲಿಲ್ಲ, ಅವನ ಕೈಗೆ ಬಿಡುವೇ ಇರಲಿಲ್ಲ. ತಂಗಿಯೂ ಚಿತ್ರ ಕಲಿತು ಬಂದರೆ ಅಂಗಡಿಗೆ ಇನ್ನೊಂದು ಕೈ ಆಗುತ್ತದೆ ಎಂದು ಓದಿಸುತ್ತಿದ್ದ. ಒಂದು ಮಧ್ಯಾಹ್ನ ಅವನೇ ಮೆಟ್ಟಿಲು ಹತ್ತಿ ಬಂದ. ಗೋಡೆಗೆ ಅಂಟಿಸಿದ್ದ ತಂಗಿಯ ಹಾಳೆಗಳನ್ನೆಲ್ಲ ನೋಡಿದ.

"ಏನ್ರಿ ಮೇಡಂ ಇದು? ವರ್ಷ ಆಗಾಕ ಬಂತು. ಒಂದು ಗುಲಾಬಿ ಇಲ್ಲ, ಒಂದು ಗಣಪ್ಪ ಇಲ್ಲ. ಕರೀ ಕಾಗದ ಕತ್ತರಸಾಕ ಕಾಲೇಜಿಗಿ ಬರಬೇಕೇನ್ರಿ?"

ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ತಡೆದುಕೊಂಡು, "ಆಕಿಗೆ ಏನು ಬರತೈತಿ ಅಂತ ನೋಡಬೇಕಂದ್ರ ಕೆಲಸ ಕೊಟ್ಟು ನೋಡ್ರಿ," ಎಂದೆ.

"ಆತ್ರಿ. ಒಂದು ಬೋರ್ಡ್ ಪೂರಾ ಆಕೀನ ಬರೀಲಿ. ನಾನು ಕೈ ಹಚ್ಚಂಗಿಲ್ಲ. ಗಿರಾಕಿ ಒಪ್ಪಿದ್ರ ಕಾಲೇಜು, ಇಲ್ಲಾಂದ್ರ ಮನಿ."

ಪಕ್ಕದಲ್ಲೇ ನಿಂತಿದ್ದ ಹುಡುಗಿ ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ನನಗೆ ಅಷ್ಟು ಧೈರ್ಯವಿತ್ತು. ಅವಳಿಗಿತ್ತೋ ಇಲ್ಲವೋ, ಕೇಳಲಿಲ್ಲ.

ಕೂಡ್ಲಿಗಿಯ ಬಸ್ ನಿಲ್ದಾಣದ ರಸ್ತೆಯಲ್ಲಿ ಹೊಸದಾಗಿ ತೆರೆಯುತ್ತಿದ್ದ ಸ್ಟೀಲ್ ಪಾತ್ರೆ ಅಂಗಡಿಯ ಬೋರ್ಡು ಅದು. ಪೂಜೆಗೆ ಸೋಮವಾರ ಗೊತ್ತಾಗಿತ್ತು. ನಾನು ಬೆಳಗಿನ ಬಸ್ಸಿಗೇ ಹೋದೆ. ಬೋರ್ಡನ್ನು ಇನ್ನೂ ಮೇಲೆ ಏರಿಸಿರಲಿಲ್ಲ, ಏಣಿಯ ಪಕ್ಕದಲ್ಲಿ ಗೋಡೆಗೆ ಒರಗಿಸಿದ್ದರು. ನೋಡಿ ನನಗೆ ಕುಣಿಯುವಷ್ಟು ಖುಷಿಯಾಯಿತು! ತಗಡಿಗೆಲ್ಲ ಗಾಢ ನೀಲಿ. ಅಂಗಡಿಯ ಹೆಸರು ಬಿಳಿಯಲ್ಲಿ, ಎಡಕ್ಕೆ ಸರಿದು, ಕೆಳಗೆ ಕೂತಿತ್ತು. ಬಲಗಡೆ ಬರೀ ನೀಲಿ. ಹೂವಿಲ್ಲ, ಬಾರ್ಡರಿಲ್ಲ, ಅಕ್ಷರಕ್ಕೆ ನೆರಳೂ ಇಲ್ಲ. ಹುಡುಗಿ ಬೋರ್ಡಿನ ಪಕ್ಕದಲ್ಲಿದ್ದಳು. ಅಣ್ಣ ಕೈಕಟ್ಟಿಕೊಂಡು ದೂರ ನಿಂತಿದ್ದ. ಅವನ ಮುಖದಲ್ಲಿ ಖುಷಿಯಿರಲಿಲ್ಲ.

ಅಂಗಡಿಯ ಸಾವ್ಕಾರರು ಹಣೆತುಂಬ ವಿಭೂತಿ ಹಚ್ಚಿಕೊಂಡು ಹೊರಗೆ ಬಂದರು. ಒಂದು ಗಳಿಗೆ ಬೋರ್ಡನ್ನೇ ನೋಡಿದರು. ಆಮೇಲೆ ಅವರು ಪೂಜೆಯ ತಟ್ಟೆಯಲ್ಲಿದ್ದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಆ ಖಾಲಿ ನೀಲಿಯ ಮೇಲೆ ಈ ಕಡೆಯಿಂದ ಆ ಕಡೆಗೆ ದಪ್ಪಗೆ ಎಳೆದರು. ನಡುವೆ ಕುಂಕುಮದ ಬೊಟ್ಟು.

"ಶಾಬಾಸ್! ಎಲ್ಲಾ ಪೇಂಟರೂ ಇಷ್ಟೂ ಜಾಗ ಬಿಡದಂಗ ತುಂಬಿಸ್ತಾರ. ವಿಭೂತಿ ಹಚ್ಚಿದ್ರ ಅಕ್ಷರದ ಮ್ಯಾಲ ಬೀಳತೈತಿ. ಈ ಹುಡುಗಿ ನೋಡ್ರಿ, ದೇವರಿಗಂತ ಜಾಗ ಬಿಟ್ಟಾಳ!"

ನೆರೆದವರೆಲ್ಲ ಹೌದೌದು ಎಂದರು. ಅಣ್ಣನ ಮುಖ ಅರಳಿತು. ಗಿರಾಕಿ ಒಪ್ಪಿಯಾಗಿತ್ತು! ನನ್ನ ಪಾಠಕ್ಕೆ ಈ ಅರ್ಥ ಬರುತ್ತದೆಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ. ನಗು ಒತ್ತರಿಸಿ ಬರುತ್ತಿತ್ತು. ಹೋಗಲಿ, ಹುಡುಗಿ ಉಳಿದಳಲ್ಲ ಎಂದುಕೊಂಡೆ.

"ಅದು ವಿಭೂತಿಗಂತ ಬಿಟ್ಟಿದ್ದಲ್ರಿ ಸಾವ್ಕಾರ್ರ," ಎಂದಳು ಹುಡುಗಿ.

ಅಯ್ಯೋ, ಸುಮ್ಮನಿರಬಾರದೇ ಇವಳು! ಅವಳ ರಟ್ಟೆ ಚಿವುಟಬೇಕೆನಿಸಿತು.

"ಮತ್ತ ಯಾಕ ಬಿಟ್ಟಿಯವ್ವಾ?"

"ಆ ಜಾಗ ಇದ್ರನ ಅಕ್ಷರ ಎದ್ದು ಬರತಾವ್ರಿ. ಅದೂ ನಾನು ಬರೆದಿದ್ದನರಿ." ಅಷ್ಟಕ್ಕೇ ನಿಲ್ಲಿಸಲಿಲ್ಲ. "ದೇವರಿಗಂತ ಬಿಟ್ಟೀನಿ ಅಂದ್ರ ಸುಳ್ಳಾಗತೈತ್ರಿ."

ಸಾವ್ಕಾರರ ನಗು ಅಲ್ಲೇ ನಿಂತಿತು. "ಬರೆದಿದ್ದು? ಏನೂ ಇಲ್ಲಲ್ಲವ್ವಾ ಅಲ್ಲಿ!" ಅಣ್ಣನ ಕಡೆ ತಿರುಗಿದರು. "ಏನಪಾ, ನಾನು ಬ್ಯಾರೆ ತಿಳಕಂಡಿದ್ದೆ. ಹಂಗಾರ ಖಾಲಿ ಯಾಕ, ಆ ಕಡಿ ಎರಡು ಕೊಡಪಾನ ಬರದು ಏರಸು."

ಎರಡು ಕೊಡಪಾನ ಬರೆಯುವುದು ಅವನಿಗೆ ಎಡಗೈ ಕೆಲಸ. ಬಣ್ಣದ ಡಬ್ಬಿಗಳು ಅಲ್ಲೇ ಇದ್ದವು. ಅವನು ತಂಗಿಯನ್ನು ನೋಡಿದ. ಅವಳು ತಲೆ ತಗ್ಗಿಸಲಿಲ್ಲ. ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು. ಬಾಯಿ ಹಾಕಲು ನನ್ನ ನಾಲಿಗೆ ತುದಿಗೆ ನೂರು ಮಾತು ಬಂದಿದ್ದವು. ಆದರೆ ಮಾತಾಡಬೇಕಾದವನು ಅವನು.

ಅವನು ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಂತ. ನಡುವೆ ಲಾರಿ, ಬಸ್ಸು ಹಾದುಹೋದವು. ಅವನು ಅಲ್ಲಿಂದಲೇ ಬೋರ್ಡನ್ನು ನೋಡುತ್ತಿದ್ದ. ಕತ್ತು ಓರೆ ಮಾಡಿ ಮತ್ತೆ ನೋಡಿದ. ಆಮೇಲೆ ಈಚೆ ಬಂದು ಬಣ್ಣದ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಭದ್ರ ಮಾಡಿದ.

"ಕೊಡಪಾನ ಬ್ಯಾಡ್ರಿ ಸಾವ್ಕಾರ್ರ. ಬೋರ್ಡ್ ಮುಗದೈತಿ," ಎಂದ. "ಒಂದು ಕೈ ಹಿಡೀರಿ, ಏರಸೂಣು. ಆಕಿಗೆ ನಾಳೆ ಕಾಲೇಜ್ ಐತಿ."