ಹೊರಕ್ಕೆ ತೆರೆಯುತ್ತಿದ್ದ ಬಾಗಿಲು

ನಮ್ಮ ಊರಿನ ಬಡಗಿ ಎಲ್ಲರಿಗೂ ಅಳತೆ ಮಾವ. ನನಗಿಂತ ಎರಡು ವರ್ಷ ಚಿಕ್ಕವನು, ಆದರೂ ನನಗೂ ಮಾವನೇ. ಕೂರಲು ಕುರ್ಚಿ ಕೊಟ್ಟರೆ ಮೊದಲು ಅದರ ಕಾಲು ಅಲ್ಲಾಡಿಸಿ, ಯಾರು ಮಾಡಿದ್ದೆಂದು ಕೇಳಿ, ಮೂಗು ಮುರಿದು, ಆಮೇಲೆ ಕೂರುವ ಆಸಾಮಿ.

ನಮ್ಮವು ಪುಟ್ಟ ಮನೆಗಳು. ಬಾಗಿಲು ಒಳಕ್ಕೆ ತೆರೆದರೆ ಒಂದು ಮಂಚದ ಜಾಗ ದಂಡ. ಅದಕ್ಕೇ ಮಾವ ಎಲ್ಲರ ಬಾಗಿಲನ್ನೂ ಹೊರಕ್ಕೆ ತೆರೆಯುವಂತೆ ಕೂರಿಸಿದ. ನಾವು ಹೊಗಳಿ ಅಟ್ಟಕ್ಕೇರಿಸಿದೆವು. ಕೇಳಿ ಮಾಡಿಸಿಕೊಂಡವರು ನಾವೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಚಂಡಮಾರುತ ಬಂದ ಮಧ್ಯಾಹ್ನ ಮಾವ ಪಕ್ಕದ ಮನೆಯ ಮುದುಕರನ್ನು ದಿಬ್ಬದ ಮೇಲಿನ ಶಾಲೆಗೆ ಬಿಟ್ಟುಬರಲು ಹೋಗಿದ್ದ. "ನಮ್ಮನೆ ಗಟ್ಟಿಯಾಗಿದೆ, ನೀವು ಹೋಗಿ ಬನ್ನಿ" ಎಂದು ಹೆಂಡತಿಯೇ ಕಳಿಸಿದ್ದಳು. ಮರಳಿ ಬರುವಷ್ಟರಲ್ಲಿ ಎದುರುಮನೆಯ ಗೋಡೆ ಉರುಳಿ ಇವನ ಬಾಗಿಲಿಗೆ ಸೊಂಟದೆತ್ತರ ಇಟ್ಟಿಗೆ, ಮಣ್ಣು ಒತ್ತಿಕೊಂಡಿತ್ತು. ಕಿಟಕಿಗೆ ಕಬ್ಬಿಣದ ಸರಳು. ಮನೆಯೊಳಗೆ ನೀರು ಏರುತ್ತಿತ್ತು. ಬರಿಗೈಯಲ್ಲಿ ತೋಡಿದ.

"ರೀ, ನೂಕ್ತಾ ಇದೀನಿ, ಬರ್ತಿಲ್ಲ" ಎಂದಳಂತೆ ಒಳಗಿನಿಂದ. ನಾವು ನಾಲ್ವರು ಹಾರೆ ಹಿಡಿದು ಓಡಿಬರುವಷ್ಟರಲ್ಲಿ ದನಿ ನಿಂತಿತ್ತು. ಒಳಕ್ಕೆ ತೆರೆಯುವ ಬಾಗಿಲಾಗಿದ್ದರೆ ಅವಳೇ ಎಳೆದುಕೊಂಡು, ಮಣ್ಣಿನ ಮೇಲೆ ಹತ್ತಿ ಈಚೆ ಬರುತ್ತಿದ್ದಳು.

ಆಮೇಲೆ ಊರು ನಿಧಾನವಾಗಿ ಎದ್ದು ನಿಂತಿತು. ಚಾವಣಿಗಳನ್ನು ತಂತಿಯಿಂದ ಬಿಗಿದೆವು. ಪ್ರತಿ ಮನೆಯೊಳಗೂ ಒಂದು ಹಾರೆ ನೇತುಹಾಕಿದೆವು. ಯಾವ ಮುದುಕರನ್ನು ಯಾರು ಎತ್ತಿಕೊಂಡು ಹೋಗಬೇಕೆಂದು ಮಾತಾಡಿಕೊಂಡೆವು. ಮಾವ ಒಂದೊಂದೇ ಬಾಗಿಲು ಕಳಚಿ ಒಳಕ್ಕೆ ತಿರುಗಿಸಿದ, ಗಾಳಿಗೆ ತಡೆಯಲೆಂದು ದಪ್ಪ ಅಗುಳಿ ಹಾಕಿದ. ಕೂಲಿಯಿರಲಿ, ಯಾರ ಮನೆಯಲ್ಲೂ ಒಂದು ಲೋಟ ನೀರೂ ಕೇಳಲಿಲ್ಲ. "ಮಾವನಿಗೆ ಈಗ ಬುದ್ಧಿ ಬಂತು ನೋಡಿ" ಎಂದನೊಬ್ಬ, ಬಾಗಿಲು ಹೊರಕ್ಕಿದ್ದಾಗ ಉಳಿದ ಜಾಗದಲ್ಲಿ ಹಾಕಿಸಿಕೊಂಡ ಮಂಚದ ಮೇಲೆಯೇ ಕೂತು! ನನಗೆ ಮೈಯೆಲ್ಲ ಉರಿದುಹೋಯಿತು.

ಪಕ್ಕದ ಬೀದಿಗೆ ಮದುವೆಯಾಗಿ ಹೋಗಿದ್ದ ಮಾವನ ಮಗಳು ಮಾತ್ರ ಅಮ್ಮ ಸತ್ತಂದಿನಿಂದ ಅಪ್ಪನೊಂದಿಗೆ ಮಾತು ಬಿಟ್ಟಿದ್ದಳು. ಊರಿನ ಬಾಗಿಲುಗಳೆಲ್ಲ ಮುಗಿದು ಅವಳದೊಂದೇ ಉಳಿಯಿತು. ಉಪಕರಣದ ಚೀಲ ಹೊತ್ತು ಅಲ್ಲಿಯವರೆಗೆ ಹೋಗುವನು, ಕರೆಯದೆ ಹೇಗೆ ಒಳಗೆ ಹೋಗುವುದೆಂದು ಹಿಂತಿರುಗುವನು. ಅವಳ ಮನೆಗೂ ಹಾಗೇ ಆದೀತೆಂಬ ಭಯ ಅವನನ್ನು ತಿನ್ನುತ್ತಿತ್ತು.

ವರ್ಷ ಕಳೆದ ಮೇಲೆ ಅವಳೇ ಬಂದಳು. "ನಮ್ಮನೆ ಬಾಗಿಲು ತಿರುಗಿಸಿ ಕೊಡಪ್ಪ" ಎಂದಳು, ಅಷ್ಟೇ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೆಲಸ ಮಾಡಿದ. ನಾನು ಹಲಗೆ ಹಿಡಿದಿದ್ದೆ. ಅಂಚನ್ನು ಮೂರು ಸಲ ಉಜ್ಜಿದ, ತಿರುಗಣಿಗೆ ಎಣ್ಣೆ ಬಿಟ್ಟ.

"ಒಳಗ್ಹೋಗಿ ಹಾಕ್ಕೊಂಡು, ನೀನೇ ತೆಗೆದು ನೋಡಮ್ಮ" ಎಂದ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಷ್ಟೋ ಹೊತ್ತು ಸದ್ದಿಲ್ಲ. ಮಾವ ಬಾಗಿಲಿಗೆ ಕಿವಿಯಿಟ್ಟ. ಆಮೇಲೆ ಬಾಗಿಲು ಸರಾಗವಾಗಿ ಒಳಕ್ಕೆ ಸರಿಯಿತು. ಒಂದೇ ಕೈಯಲ್ಲಿ ಎಳೆದಿದ್ದಳು. ಅಳುತ್ತಿದ್ದಳು.

"ಇಷ್ಟೇನಾ ಅಪ್ಪ? ಅಮ್ಮಂಗೆ ಇಷ್ಟೇ ಸಾಕಾಗಿತ್ತಾ?"

"ಹೂಂ, ಇಷ್ಟೇ ಮಗಳೇ" ಎಂದು ಅಳತೆ ಮಾವ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ.