ಬೆನ್ನಿಗೊಂದು ಬೆನ್ನು

ನಮ್ಮ ಅಮ್ಮ ಬೀಸುವ ಕಲ್ಲಿನ ಸದ್ದಿಗೆ ಹೆದರುತ್ತಿದ್ದಳು. ಮುದ್ದೆ ಇಲ್ಲದೆ ಹೊತ್ತು ಕಳೆಯದ ಮುಳಬಾಗಿಲು ಸೀಮೆಯಲ್ಲಿ ಇಂಥ ಹೆದರಿಕೆಯನ್ನು ಯಾರೂ ಕೇಳಿರಲಿಲ್ಲ. ಕೆಲವರು ನಗುತ್ತಿದ್ದರು. ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕಾರಣ ಎಲ್ಲರಿಗೂ ಗೊತ್ತಿತ್ತು. ನಂಗಲಿಯಿಂದ ನೆಂಟರು ಬರುವವರಿದ್ದ ಒಂದು ಮಧ್ಯಾಹ್ನ ಅಮ್ಮ ನಡುಮನೆಯಲ್ಲಿ ರಾಗಿ ಬೀಸುತ್ತಿದ್ದಳು. ಆಗಷ್ಟೇ ನಡೆಯಲು ಕಲಿತಿದ್ದ ನನ್ನ ತಮ್ಮ ಹಿತ್ತಿಲ ಬಾಗಿಲು ದಾಟಿ ಹೋಗಿ ಬಾವಿಗೆ ಬಿದ್ದ. ಪಕ್ಕದ ಮನೆಯವಳು ಸಾವಿನ ಮನೆಗೆ ಬಂದು, "ಮಗು ಕೂಗಿದ್ದು ನಂಗೇ ಕೇಳಿಸ್ತು, ಆಟಕ್ಕೆ ಅಂದ್ಕೊಂಡೆ. ಹೆತ್ತೋಳಿಗೆ ಕೇಳಿಸ್ಲಿಲ್ವಾ?" ಅಂದಳು. ಕಲ್ಲಿನ ಮುಂದೆ ಕೂತವರಿಗೆ ಮಗ್ಗುಲಲ್ಲಿದ್ದವರ ಮಾತೂ ಕೇಳುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಎಲುಬಿಲ್ಲದ ನಾಲಿಗೆ, ಹೊರಳಿತು.

ಆಮೇಲೆ ಬೀದಿಯಲ್ಲಿ ಯಾರ ಮನೆಯ ಕಲ್ಲು ತಿರುಗಿದರೂ ಅಮ್ಮನ ಹಲ್ಲು ಕಚ್ಚಿಕೊಳ್ಳುತ್ತಿತ್ತು, ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬಂದು ನನ್ನನ್ನು ಹುಡುಕುತ್ತಿದ್ದಳು. ನಾನು ಸಿಕ್ಕಮೇಲೂ ಅವಳ ಎದೆ ಬಡಿದುಕೊಳ್ಳುತ್ತಲೇ ಇರುತ್ತಿತ್ತು. ನಾನು ಅತ್ತರೆ ಅವಳು ಇನ್ನೂ ಬೆದರುತ್ತಾಳೆಂದು ಅಳುವುದನ್ನೇ ಬಿಟ್ಟಿದ್ದೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಅದು ತೋಳಿನಲ್ಲಿ ಅದರ ಪಾಡಿಗೆ ಇತ್ತು. ಅಪ್ಪ ರಾಗಿ ಹೊತ್ತುಕೊಂಡು ಪೇಟೆಯ ಮಿಲ್ಲಿಗೆ ಹೋಗಿ ಹಿಟ್ಟು ಮಾಡಿಸಿಕೊಂಡು ಬರತೊಡಗಿದ.

ಯುದ್ಧ ಬಂತು. ಎಣ್ಣೆ ಸಿಗದೆ ಮಿಲ್ಲಿನ ಇಂಜಿನ್ ನಿಂತಿತು. ಅಪ್ಪನ ತಾಯಿ, ನನ್ನ ಅಜ್ಜಿ, ಒಬ್ಬಳೇ ಬೀಸುವಷ್ಟು ಗಟ್ಟಿಯಾಗಿರಲಿಲ್ಲ. ಅಮ್ಮ ಅವಳ ಮುಂದೆ ನಿಂತು, "ನನ್ನ ಕೈಲಾಗಲ್ಲ ಅತ್ತೆಮ್ಮಾ. ಶ್ರೀನಿವಾಸಪುರಕ್ಕೆ, ನಮ್ಮಣ್ಣನ ಮನೆಗೆ ಕಳಿಸ್ಬಿಡಿ" ಅಂದಳು. ನನ್ನನ್ನು ಕರೆದುಕೊಂಡು ಹೋಗುವ ಮಾತೇ ಬರಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ನಿಂತು ಕಾದೆ.

"ಅಲ್ಲೇನು ಕಲ್ಲಿಲ್ವೇನೇ?" ಅಂದಳು ಅಜ್ಜಿ. "ಗಾಳೀನೂ ಇಲ್ಲ, ಗೀಳೀನೂ ಇಲ್ಲ. ನಿನ್ನ ಮೈ ಬೆದರೈತೆ. ಬೆದರಿದ ಹಸೂಗೆ ಯಾರಾದ್ರೂ ಬುದ್ಧಿ ಹೇಳ್ತಾರಾ? ಮೈ ತಡವ್ತಾರೆ. ಏಮೀ ಕಾದು, ಏನೂ ಆಗಲ್ಲ, ಕೂತ್ಕೋ."

ಹರಳೆಣ್ಣೆ ಬಿಸಿ ಮಾಡಿ ಅಮ್ಮನ ಕತ್ತು, ಹೆಗಲು, ಅಂಗೈ ತಿಕ್ಕಿದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೆಲವು ದಿನ ಇಷ್ಟೇ. ಆಮೇಲೊಂದು ಬೆಳಿಗ್ಗೆ ಕಲ್ಲಿಗೆ ಒಂದು ಹಿಡಿ ರಾಗಿ ಹಾಕಿ, ಎದುರಿಗೆ ತಾನು ಕೂತು, ಗೂಟದ ಮೇಲೆ ಅಮ್ಮನ ಕೈಯಿಟ್ಟು ಮೇಲೆ ತನ್ನ ಕೈ ಇಟ್ಟಳು. ಕಲ್ಲು ಗುರ್ ಅಂದದ್ದೇ ತಡ, ಅಮ್ಮ ಎದ್ದು ನನ್ನ ಹೆಸರು ಕೂಗಿದಳು. ನಾನು ಅಲ್ಲೇ ಇದ್ದೆ. ಅಜ್ಜಿ ನನ್ನನ್ನು ನೋಡಿದಳು, ಅವಳನ್ನು ನೋಡಿದಳು. "ಬಾರೇ ಇಲ್ಲಿ. ನಿಮ್ಮಮ್ಮನ ಬೆನ್ನಿಗೆ ಬೆನ್ನು ಕೊಟ್ಟು ಕೂತ್ಕೋ. ಕಿವಿಗೆ ಕೇಳದಿದ್ರೇನು, ಬೆನ್ನಿಗೆ ಗೊತ್ತಾಗ್ತದೆ."

ಅವತ್ತಿನಿಂದ ಅದೇ ನನ್ನ ಕೆಲಸ. ಓರಗೆಯವರು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರೆ ನಾನು ಗೋಡೆ ನೋಡುತ್ತ ಕೂತಿರಬೇಕು. ಸತ್ತವನಿಗಾಗಿ ಇದ್ದವಳನ್ನು ಕಟ್ಟಿಹಾಕಿದ್ದಾರೆಂದು ನನಗೆ ಕೋಪವಿತ್ತು. ಆದರೆ ಅಮ್ಮನ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಸಡಿಲಾಗುತ್ತದೆ ಎಂಬುದು ನನ್ನ ಬೆನ್ನಿಗೆ ತಿಳಿಯತೊಡಗಿತು. ಸಿಕ್ಕಿಕೊಂಡಾಗ ನಾನು ಇನ್ನಷ್ಟು ಒರಗುತ್ತಿದ್ದೆ. ಅವಳು ಕಲ್ಲು ನಿಲ್ಲಿಸಿ, ನನ್ನ ಭಾರವನ್ನು ಹೊತ್ತು, ಮತ್ತೆ ತಿರುಗಿಸುತ್ತಿದ್ದಳು. ಹಿಡಿ ರಾಗಿ ಸೇರಾಯಿತು. ಅಜ್ಜಿ ಎದುರಿನಿಂದ ಎದ್ದು ಒಲೆ ಮುಂದೆ ಹೋದಳು. ಶ್ರೀನಿವಾಸಪುರದ ಮಾತು ನಿಂತುಹೋಯಿತು.

ಸುಗ್ಗಿ ಮುಗಿದ ಮೇಲೆ ಒಂದು ದಿನ, ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿ, ಹಿಂದೆ ತಿರುಗದೆ ಅಂದಳು: "ಎದ್ದು ಹೋಗೇ. ಎಷ್ಟಂತ ಕೂತಿರ್ತೀಯ? ಆಡ್ಕೋ ಹೋಗು."

ನಾನು ಎದ್ದೆ. ಬೆನ್ನಿಗೆ ತಣ್ಣನೆ ಗಾಳಿ ತಾಗಿತು. ಹೊಸಿಲು ದಾಟಿ ಜಗಲಿಗೆ ಬರುವಷ್ಟರಲ್ಲಿ ಕಲ್ಲು ತಿರುಗಿತು, ತಟ್ಟನೆ ನಿಂತಿತು. ಇಲ್ಲೇ ಇದೀನಮ್ಮಾ ಎಂದು ಕೂಗಲು ಬಾಯಿ ತೆರೆದೆ. ನಾನು ಕೂಗುವ ಮೊದಲೇ ಕಲ್ಲು ಮತ್ತೆ ತಿರುಗಿತು.

ಆಡಲು ಹೋಗಲಿಲ್ಲ. ನಡುಮನೆಯ ಗೋಡೆಗೆ ಹೊರಗಿನಿಂದ ಬೆನ್ನು ಕೊಟ್ಟು ಕೂತೆ. ಒಳಗಿನ ಕಲ್ಲಿನ ಅದುರು ಗೋಡೆಯಲ್ಲಿ ಸಣ್ಣಗೆ ಬರುತ್ತಿತ್ತು. ತಮ್ಮ ಸತ್ತ ಮೇಲೆ ನಾನು ಅತ್ತದ್ದು ಅವತ್ತೇ.