ಎರಡು ಸ್ಟಾಪಿನಲ್ಲಿ ಹತ್ತಿದ ವೈರಸ್

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಹನಿಯಕ್ಕ ಎನ್ನುತ್ತಾರೆ. ಕಂಡೂ ಕಾಣದಷ್ಟು ಸಣ್ಣ ಹನಿಯನ್ನು ಪ್ಲಾಸ್ಟಿಕ್ ತಟ್ಟೆಯ ಒಂದು ಕುಳಿಯಿಂದ ಎತ್ತಿ ಇನ್ನೊಂದಕ್ಕೆ ಬಿಡುವುದು ಅವಳ ಕೆಲಸ. ಆಗ ಕೈ ನಡುಗುವಂತಿಲ್ಲ, ಸೀನುವಂತಿಲ್ಲ, ಪಕ್ಕದವರ ಮನೆ ಜಗಳದ ಸುದ್ದಿಗೆ ಕಿವಿ ಕೊಡುವಂತೆಯೂ ಇಲ್ಲ. ಕೊನೆಯದೇ ಬಲು ಕಷ್ಟ.

ಕೊರೊನಾ ವೈರಸ್ಸಿನೊಳಗೆ ಸುಮಾರು ಮೂವತ್ತು ಸಾವಿರ ಅಕ್ಷರಗಳ ಬರಹವಿದೆ. ಅದು ತನ್ನನ್ನೇ ನಕಲು ಮಾಡಿಕೊಳ್ಳುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ, ಆ ತಪ್ಪು ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತದೆ. ತಪ್ಪುಗಳನ್ನು ಓದಿದರೆ ಯಾವ ವೈರಸ್ ಯಾವ ವಂಶದ್ದು ಎಂದು ತಿಳಿಯುತ್ತದೆ. ಓದುವುದು ಯಂತ್ರ. ಆದರೆ ಹನಿಯಕ್ಕನೇ ಕಲಸುಮೇಲೋಗರ ಮಾಡಿಟ್ಟರೆ ಯಂತ್ರ ತಾನೇ ಏನು ಮಾಡೀತು, ಪಾಪ.

ಆ ವಾರ ಅವಳು ಸಿದ್ಧಮಾಡಿದ ಒಂದು ಮೂಗಿನ ಮಾದರಿಯಲ್ಲಿ ಹಲವು ಕಡೆ ಒಂದು ಅಕ್ಷರವಿರಬೇಕಾದಲ್ಲಿ ಎರಡೆರಡು ಕಂಡವು. ಒಂದು ಹಳೆಯ ವಂಶದ್ದು, ಇನ್ನೊಂದು ಹೊಸದರದ್ದು. ಒಂದೇ ಮೂಗಿನಲ್ಲಿ ಎರಡು ಬಗೆಯ ವೈರಸ್ ಸಿಗುವುದು ಅಪರೂಪ, ಎರಡು ಹನಿ ಬೆರೆತುಹೋಗುವುದು ಸುಲಭ.

"ಕೈ ತಪ್ಪಿರ್ಬೇಕು ಕಣೇ," ಎಂದಳು ಮೇಲ್ವಿಚಾರಕಿ. "ಅದೇ ಮನುಷ್ಯನಿಂದ ಇನ್ನೊಂದು ಮಾದರಿ ತರಿಸ್ತೀನಿ, ಬೇರೆಯವರು ಮಾಡ್ಲಿ. ಅಲ್ಲೀವರೆಗೂ ನೀನು ಈ ಕುರ್ಚಿ ಬಿಟ್ಟು ಕೊಳವೆಗಳಿಗೆ ಚೀಟಿ ಅಂಟಿಸ್ತಾ ಇರು."

ಹನಿಯಕ್ಕನಿಗೆ ಅಳುವೇ ಬಂತು. ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಒಂದು ಹನಿಯಲ್ಲಿ ಕೊಚ್ಚಿಹೋಗುವುದರಲ್ಲಿತ್ತು. ಮಾದರಿಗಳಿಗೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಆ ಮಾದರಿಯ ನಾನೂರ ಹದಿನೇಳು ಅವಳ ತಲೆಯೊಳಗೆ ಠಿಕಾಣಿ ಹೂಡಿತು.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಮಾವ ಜ್ವರ ಬಂದು, ಕೊರೊನಾ ಎಂದಾಗಿ, ಮುಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಊರಲ್ಲಿ ಸೋಂಕು ಹರಡುತ್ತಿರುವಾಗ ಗೇಟು ದಾಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದರು, ದಾಟಿಲ್ಲವೆಂದು ಆಣೆಯನ್ನೂ ಇಟ್ಟಿದ್ದರು. ಹಾಗಾಗಿ ಅತ್ತೆ ಸೊಸೆಯ ಮೇಲೆ ಗೂಬೆ ಕೂರಿಸಿದ್ದರು.

"ನಿನ್ನ ಲ್ಯಾಬಿಂದಲೇ ಬಂದಿರೋದು. ಇನ್ನೆಲ್ಲಿಂದ ಬರುತ್ತೆ?"

ಮರುದಿನ ಸಂಜೆ ಅವಳು ಮನೆಗೆ ಬಂದರೆ ಮಾವನ ಬಾಗಿಲ ಮುಂದೆ ನರ್ಸ್ ನಿಂತಿದ್ದಳು. "ಇನ್ನೊಂದು ಸಲ ಮೂಗಿಗೆ ಕಡ್ಡಿ ಹಾಕ್ಬೇಕು. ಎಲ್ಲೆಲ್ಲಿ ಹೋಗಿದ್ರಿ ಅಂತ ಕೇಳಿದ್ದಕ್ಕೆ ಬಾಗಿಲೇ ತೆಗೀತಿಲ್ಲ ನೋಡಿ." ಅವಳ ಕೈಯಲ್ಲಿದ್ದ ಕೊಳವೆಯ ಮೇಲೆ ನಾನೂರ ಹದಿನೇಳು ಎಂದಿತ್ತು.

ಆ ಮೂಗು ಮಾವನದೇ ಎಂದು ಹನಿಯಕ್ಕನಿಗೆ ಆಗ ಗೊತ್ತಾಯಿತು. ಬಾಗಿಲಿಗೆ ಬಾಯಿ ಹತ್ತಿರ ಇಟ್ಟು ಹೇಳಿದಳು. "ಮಾವ, ನಿಮ್ಮ ಮೂಗಲ್ಲಿ ಎರಡು ಥರದ ವೈರಸ್ ಇದ್ಯೋ, ಇಲ್ಲಾ ನನ್ನ ಕೈ ತಪ್ಪಿದ್ಯೋ, ಎರಡರಲ್ಲೊಂದು. ನೀವು ಕಡ್ಡಿ ಹಾಕಿಸ್ಕೊಳ್ಳೋಕೆ ಒಪ್ಪದಿದ್ರೆ ತಪ್ಪು ನನ್ನದೇ ಅಂತಾಗುತ್ತೆ. ನನ್ನ ಕುರ್ಚಿ ಹೋಗುತ್ತೆ."

ಒಳಗೆ ಚಿಲಕ ಸರಿದ ಸದ್ದಾಯಿತು. ಬಾಗಿಲು ತೆರೆಯಿತು. ಮಾಸ್ಕ್ ಹಾಕಿಕೊಂಡ ಮಾವ, ಅಲ್ಲೇ ನಿಂತಿದ್ದ ಹೆಂಡತಿಯತ್ತ ನೋಡದೆ ಬಂದು ಕುರ್ಚಿಯಲ್ಲಿ ಕುಳಿತರು.

"ತಗೋಮ್ಮ, ಕಡ್ಡಿ ಹಾಕು. ಎರಡೂ ಇರುತ್ತೆ. ನಮ್ಮ ಹಳೇ ಡ್ರೈವರ್ ಮನೆಗೆ ಹೋಗಿದ್ದೆ, ಅವನು ಜ್ವರದಲ್ಲಿ ಮಲಗಿದ್ದ. ಮಾರನೇ ದಿನ ತಂಗಿ ಮನೆಗೆ ಹೋದೆ, ಅಲ್ಲಿ ಎಲ್ಲರೂ ಕೆಮ್ತಿದ್ರು. ಒಬ್ಬ ಒಂದು ಸ್ಟಾಪಲ್ಲಿ ಹತ್ತಿದ, ಇನ್ನೊಬ್ಬ ಮುಂದಿನ ಸ್ಟಾಪಲ್ಲಿ."

ಅತ್ತೆ ಗಂಡನ ಚಪ್ಪಲಿ ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಹೊಸ ಮಾದರಿಯನ್ನು ಬೇರೆ ಕೋಣೆಯಲ್ಲಿ ಬೇರೆ ಕೈ ಮುಟ್ಟಿತು. ಅವೇ ಜಾಗಗಳಲ್ಲಿ ಅವೇ ಎರಡೆರಡು ಅಕ್ಷರ. ಮೇಲ್ವಿಚಾರಕಿ ತಾನೇ ಕುರ್ಚಿ ಎಳೆದುಕೊಟ್ಟಳು. "ಕೂತ್ಕೋ ಹನಿಯಕ್ಕ. ಆತುರ ಪಟ್ಟಿದ್ದು ನಾನೇ." ಹನಿಯಕ್ಕ ಕುಳಿತು ಮುಂದಿನ ಹನಿ ಎತ್ತಿದಳು.

ಮನೆಗೆ ಬಂದವಳೇ ಮಾವನ ಬಾಗಿಲ ಬಳಿ ನಿಂತಳು. ಅತ್ತೆ ಅವಳ ಚೀಲ ಇಸಿದುಕೊಂಡು ಕಾಫಿ ಕೈಗಿಟ್ಟರು.

"ಸೀಟು ಸಿಕ್ತಾ?" ಒಳಗಿಂದ ಕೇಳಿಬಂತು.

"ಸಿಕ್ತು ಮಾವ."

"ರೈಟ್ ರೈಟ್," ಎಂದರು ಮಾವ. ಆಮೇಲೆ ಬರಿಗಾಲಲ್ಲಿ ಕಿಟಕಿಯವರೆಗೆ ನಡೆದು, ಬೀದಿಯತ್ತಣ ಕದ ತೆರೆದ ಸದ್ದು. ಹನಿಯಕ್ಕನ ಕಣ್ಣು ತುಂಬಿತು. ನಾಲ್ಕು ಜನರ ಮುಖ ನೋಡದೆ ಒಂದು ದಿನ ಕಳೆಯಲಾರದ ಆ ಮನುಷ್ಯ, ಅವಳ ಕುರ್ಚಿಗಾಗಿ ತನ್ನ ಚಪ್ಪಲಿ ಬಿಟ್ಟುಕೊಟ್ಟಿದ್ದರು.